ಸಪ್ಪಳ ಗಾಡೀದು, ಬೈಗುಳ ಸೊಸೀಗಿ

ಒಂದು ಮಾತು ಮೊದಲೇ ಒಪ್ಕೊಂಡ್ಬಿಡ್ತೀನಿ. ನಮ್ಮನಿ ಗಾಡಿ ಕೆಟ್ಟಾಗ ನಾನೂ ಸೊಸಿಗೇ ಬೈದಾಕಿ. ಬಾಯಿ ತೆಗದು ಬೈಲಿಲ್ಲ, ಅದು ಖರೆ. ಆದ್ರ ಅಡಗಿಮನ್ಯಾಗ ರೊಟ್ಟಿ ಎಷ್ಟು ಜೋರು ಬಡದ್ರ ಅದು ಯಾರ ಕಿವಿಗಿ ಬೀಳ್ತದ ಅನ್ನೋದು ನಿಮಗೇನು ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಈ ಸಲ ಉಪ್ಪಿನಕಾಯಿ ಬಗ್ಗಿ ಬರೀತೀನಿ ಅಂದಿದ್ದನ್ನ ಮುಂದಕ್ಕ ಹಾಕಿ ಗಾಡಿ ಬಗ್ಗಿ ಬರೀಲಾಕತ್ತೀನಿ. ಗಾಡಿ ಸುದ್ದಿ ಗಂಡಸರದು ಅಂತ ಬಿಟ್ಟು ಹೋಗಬ್ಯಾಡ್ರಿ. ಗಾಡಿ ಕೆಟ್ರ ಬೈಸಿಕೊಳ್ಳೋರು ನಾವು, ದುಡ್ಡು ಹೋದ್ರ ಖರ್ಚು ಹಿಡಿಯೋರು ನಾವು. ಹಂಗಿದ್ದಮ್ಯಾಲ ಅದು ಯಾಕ ಕೆಡ್ತದ ಅನ್ನೋದೂ ನಮಗ ಗೊತ್ತಿರಬೇಕು.

ನನ್ನ ಅಭಿಪ್ರಾಯ ಇಷ್ಟೇ. ಹಳೇ ಗಾಡಿ 'ಟಕ್' ಅಂದ ಕೂಡ್ಲೇ "ಕ್ಲಚ್ ಹೋಯ್ತು, ಹೊಡದವರು ಕೆಡಿಸಿದ್ರು" ಅನ್ನೋದು ತಪ್ಪು. ಸಡಲಾಗೋದು ಬ್ಯಾರೆ, ಸವಿಯೋದು ಬ್ಯಾರೆ. ಎರಡನ್ನೂ ಬ್ಯಾರೆ ಬ್ಯಾರೆ ನೋಡಿದ ಮ್ಯಾಲೇ ಗೇರ್‌ಬಾಕ್ಸ್ ಬಿಚ್ಚಲಾಕ ಹೂಂ ಅನ್ನಬೇಕು.

ನಮ್ಮದು ಕಾಂಟೆಸ್ಸಾ. 1994ರಾಗ ಮಾವನವರು ತಗೊಂಡಿದ್ದು. ಆಗ ಅವರು ಕಾಲುವಿ ಕೆಲಸದಾಗ ಸಣ್ಣ ಸಣ್ಣ ಗುತ್ತಿಗಿ ಹಿಡೀತಿದ್ರು, ಭೀಮರಾಯನಗುಡಿಗಿ ದಿನಾ ಓಡಾಟ. ಸುರಪುರ ಆಗ ಗುಲಬರ್ಗಾ ಜಿಲ್ಲಾದಾಗೇ ಇತ್ತಲ್ಲ, ಗಾಡಿ ನಂಬರಿನಾಗ ಇನ್ನೂ ಕೆಎ 32 ಅಂತದ. ಈಗಿನ ಹುಡುಗರು ಕೆಎ 33 ಯಾಕಿಲ್ಲ ಅಂತ ಕೇಳ್ತಾರ. ಹಿಂದೂಸ್ತಾನ್ ಮೋಟರ್ಸ್‌ನವರು ಬಂಗಾಲದ ಉತ್ತರಪಾರಾದಾಗ 1984ರಿಂದ 2002ರ ತನಕ ಈ ಗಾಡಿ ಮಾಡಿದ್ರು. ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಗಾಡೀದು, ನಮ್ಮದರಾಗಿನ ಇಂಜಿನ್ ಜಪಾನಿನ ಇಸುಝು ಕಂಪನೀದು, 1.8 ಲೀಟರಿಂದು, ಐದು ಗೇರು. ನಮ್ಮ ಮೈದುನ ಇದನ್ನ ಸ್ಪೋರ್ಟ್ಸ್ ಕಾರ್ ಅಂತಾನ. ನಾಲ್ಕು ಬಾಗಿಲಿನ ಗಾಡಿ, ಹಿಂದ ಕೂತು ನಾವು ನಾಲ್ಕು ಹೆಣ್ಮಕ್ಕಳು ಬುತ್ತಿ ಬಿಚ್ಚಿ ಉಣ್ಣಬಹುದು, ಅದ್ಯಾವ ಸ್ಪೋರ್ಟ್ಸೋ ದೇವರಿಗೇ ಗೊತ್ತು. ಆದ್ರ ಅವನ ಮಾತಿನಾಗ ಒಂದು ಖರೆ ಅದ: ಇಂಜಿನ್ ಮುಂದ, ಎಳಿಯೋ ಗಾಲಿ ಹಿಂದ. ಆ ಕಾಲದ ಭಾಳಷ್ಟು ಜೋರು ಗಾಡಿಗಳು ಹಂಗೇ ಇದ್ವು. ಮುಂದಿನ ಜೋರು ಹಿಂದಿನ ಗಾಲಿಗಿ ಮುಟ್ಟಬೇಕಾದ್ರ ನಡುವ ಎಷ್ಟು ಕೈ ಬದಲಾಗ್ತದ ನೋಡ್ರಿ: ಕ್ಲಚ್, ಗೇರ್‌ಬಾಕ್ಸ್, ಕೆಳಗಿನ ಉದ್ದನ ಶಾಫ್ಟ್, ಶಾಫ್ಟಿನ ಎರಡು ತುದಿಗಿ ಎರಡು ಕ್ರಾಸು, ಹಿಂದ ಕ್ರೌನ್ ಪಿನಿಯನ್, ಅದರಿಂದ ಎಕ್ಸಲ್, ಆಮ್ಯಾಲ ಗಾಲಿ. ಒಂದೊಂದು ಕಡೆ ಎಳ್ಳಷ್ಟು ಸಡಲಾದ್ರೂ ಕೂಡಿಸಿ ಕೂಡಿಸಿ ಕಡೀಗಿ ದೊಡ್ಡದಾಗ್ತದ.

ಇದು ತಿಳೀಬೇಕಂದ್ರ ಯಾದಗಿರಿ ಸ್ಟೇಷನ್ನಿನಾಗ ನಿಂತು ಗೂಡ್ಸ್ ಗಾಡಿ ಹೊರಡೋದು ನೋಡ್ರಿ. ಇಂಜಿನ್ ಎಳದ ಕೂಡ್ಲೇ ಎಲ್ಲಾ ಡಬ್ಬಿ ಒಮ್ಮೆಲೇ ಹೊರಡಂಗಿಲ್ಲ. 'ಧಡ್ ಧಡ್ ಧಡ್' ಅಂತ ಸಪ್ಪಳ ಮುಂದಿಂದ ಹಿಂದಕ್ಕ ಓಡ್ತದ. ಪ್ರತಿ ಕೊಂಡಿ ತನ್ನ ಸಡಲು ತುಂಬ್ಕೊಂಡ ಮ್ಯಾಲೇ ಹಿಂದಿನ ಡಬ್ಬಿ ಎಳೀತದ. ನಮ್ಮ ಗಾಡಿಯ 'ಟಕ್' ಸಪ್ಪಳಾನೂ ಅದೇ, ಸಣ್ಣದು ಅಷ್ಟೇ. ಟ್ರ್ಯಾಕ್ಟರ್ ಇರೋ ಮನಿಯವರಿಗಿ ಇನ್ನೂ ಬರೋಬ್ಬರಿ ಗೊತ್ತು. ಟ್ರಾಲಿ ಪಿನ್ನು ಸವದಿದ್ರ ಹೊರಡುವಾಗ ಒಮ್ಮಿ, ನಿಲ್ಲುವಾಗ ಒಮ್ಮಿ ಬಡೀತದ. ಅದು ಹೊಡಿಯೋ ಹುಡುಗನ ತಪ್ಪಲ್ಲ.

ಸವಿಯೋದಂದ್ರ ಏನು ಅನ್ನೋದಕ್ಕ ಮಿಕ್ಸಿ ನೆನಸ್ಕೋರಿ. ಜಾರಿನ ಕೆಳಗ ಹಲ್ಲಿನ ಬುರುಡಿ ಇರ್ತದಲ್ಲ, ಅದು ಸವದ್ರ ಮೋಟರ್ ಗುಂಯ್ ಅಂತ ತಿರುಗ್ತದ, ಚಟ್ನಿ ಮಾತ್ರ ಹಂಗೇ ಕೂತಿರ್ತದ. ಕ್ಲಚ್ ಸವದ್ರೂ ಹಂಗೇ. ಇಂಜಿನ್ ಅರಚ್ತದ, ಗಾಡಿ ಹೋಗಂಗಿಲ್ಲ. ಒಂದು ಬಡೀತದ, ಇನ್ನೊಂದು ಜಾರ್ತದ. ಇಷ್ಟು ನೆನಪಿಟ್ಕೊಂಡ್ರ ಅರ್ಧ ಮಿಸ್ತ್ರಿ ಆದಂಗ.

ಈಗ ನಮ್ಮನಿ ಕಥಿಗಿ ಬರ್ತೀನಿ. ಸೊಸಿ ಬಂದು ಎರಡು ವರ್ಷ. ತವರಿನಾಗೇ ಗಾಡಿ ಕಲ್ತಾಕಿ, ಲೈಸೆನ್ಸ್ ಅದ. ಮಗ ದಿನಾ ಬೈಕ್ ಮ್ಯಾಲ ಕೆಲಸಕ್ಕ ಹೋಗ್ತಾನ, ಮನಿಯವರಿಗಿ ಕಣ್ಣಿನ ಪೊರೆ ಆಪರೇಷನ್ ಆದ ಮ್ಯಾಲ ರಾತ್ರಿ ಹೊಡೀಲಾಕ ಆಗವಲ್ದು. ಹಂಗಾಗಿ ನಮ್ಮನ್ನ ಮದಿವಿ, ಮುಂಜಿವಿ, ಶಹಾಪುರದ ದವಾಖಾನಿ, ತಿಂಥಣಿ ಮೌನೇಶ್ವರ ಅಂತ ಕರ್ಕೊಂಡು ಹೋಗೋದೆಲ್ಲಾ ಈಕೀನೇ. ಹೋದ ವರ್ಷ ಮಳೆಗಾಲ ಮುಗದ ಮ್ಯಾಲ ಕೆಳಗ 'ಟಕ್' ಅನ್ನಲಾಕ ಸುರು ಆಯ್ತು. ಅದರ ಬೆನ್ನಿಗೇ ನಮ್ಮ ಸುರಪುರದ ಏರು ಹತ್ತುವಾಗ ಇಂಜಿನ್ ಅರಚೋದು, ಸುಟ್ಟ ವಾಸನಿ ಬರೋದು. ಎರಡೂ ಒಂದೇ ತಿಂಗಳಿನಾಗ ಬಂದದ್ದೇ ಆಕಿ ಗ್ರಹಚಾರ.

ಒಂದು ಗ್ಯಾರೇಜಿಗಿ ಒಯ್ದ್ವಿ. ಆ ಮಿಸ್ತ್ರಿ ಗಾಡಿ ಕೆಳಗ ಬಗ್ಗಿ ಸೈತ ನೋಡ್ಲಿಲ್ಲ. ಅಂಗಳದಾಗ ಒಂದು ಸುತ್ತು ಹೊಡದು ಬಂದು, "ಅಕ್ಕಾರ, ಹೆಣ್ಮಕ್ಕಳು ಹೊಡೀತಾರೇನ್ರಿ?" ಅಂತ ಕೇಳಿದ. ಹೌದು ಅಂದ್ವಿ. "ಮತ್ತ! ಕ್ಲಚ್ ಮ್ಯಾಲೇ ಗಾಡಿ ನಡಸ್ತಾರ. ಕ್ಲಚ್ ಹೋಗ್ಯಾದ, ಗೇರ್‌ಬಾಕ್ಸ್ ಹೋಗ್ಯಾದ, ಕ್ರೌನೂ ಹೋಗ್ಯಾದ" ಅಂದ. ಅವನು ಹೇಳಿದ ಲೆಕ್ಕ ಕೇಳಿ ಮನಿಯವರು, ಮೈದುನ ಇಬ್ಬರೂ ಕೂತು ಗಾಡಿ ಗುಜರಿಗಿ ಹಾಕೋ ಮಾತಾಡಿದ್ರು. ಮಾವನವರ ಗಾಡಿ. ಅವರು ಕಡೀ ಸಲ ದವಾಖಾನಿಗಿ ಹೋಗಿದ್ದೂ ಅದರಾಗೇ. ಯಾರೂ ಆಕಿ ಎದುರಿಗಿ ಏನೂ ಅನ್ಲಿಲ್ಲ, ಆದ್ರ ಗಾಡಿ ಕೀಲಿ ಮಾತ್ರ ಮೊಳಿಗಿಂದ ತೆಗದು ಮನಿಯವರ ಕಿಸೇಕ ಹೋಯ್ತು. ಆಕಿ ನೋಡಿದಳು, ಸುಮ್ಮನಾದಳು. ಬೀಗರು ಬಂದಾಗ "ಈಗೇನು ಗಾಡಿ ಹೊಡ್ಯಂಗಿಲ್ಲೇನವ್ವ?" ಅಂತ ಕೇಳಿದ್ರ, "ಪುರಸೊತ್ತಿಲ್ಲ" ಅಂದಳು. ಆ ಮಾತು ನನಗ ಭಾಳ ದಿನ ಹತ್ತಿತು.

ನಾನು ಬಾಯಿ ಬಿಟ್ಟದ್ದು ಒಂದು ಸಣ್ಣ ಕಾರಣಕ್ಕ. ಕೀಲಿ ಮನಿಯವರ ಹತ್ರ ಹೋದ ಮ್ಯಾಲೂ ಸಪ್ಪಳ ಇತ್ತು! ಹಗಲು ಅವರು ಹೊಡದ್ರೂ 'ಟಕ್', ಮೈದುನ ಹೊಡದ್ರೂ 'ಟಕ್'. ಮತ್ತ ಹೆಣ್ಮಕ್ಕಳ ಕಾಲಿನ ತಪ್ಪು ಅಂದ್ರ ಹೆಂಗ? ಹಿಂದ ಕೂತು ನಾನು ಲಕ್ಷ್ಯ ಕೊಟ್ಟು ಕೇಳಿದೆ. ಎತ್ತಿನ ಬಂಡಿ ಹಿಂದ ಸಾವಕಾಶ ಹೋಗುವಾಗ, ಎರಡನೇ ಗೇರಿನಾಗ ಕಾಲು ತೆಗದು ಮತ್ತ ಒತ್ತಿದಾಗ ಬರ್ತದ. ಹಿಂದಕ್ಕ ತಗೊಂಡು ಮುಂದಕ್ಕ ಹೊರಟಾಗ ಬರ್ತದ. ನಿಂತ ಗಾಡ್ಯಾಗ ಎಷ್ಟೇ ಜೋರು ಮಾಡಿದ್ರೂ ಬರಂಗಿಲ್ಲ. ಹಂಗಂದ್ರ ಜೋರಿನ ದಿಕ್ಕು ಬದಲಾದಾಗ ಯಾವುದೋ ಸಡಲು ಅತ್ತಿಂದಿತ್ತ ಬಡೀಲಾಕತ್ತದ. ಬೀಸೋ ಕಲ್ಲಿನ ಗೂಟ ಸಡಲಾದಾಗ ದಿಕ್ಕು ಬದಲಿಸಿದ್ರಷ್ಟೇ ಟಕ್ ಅಂತಿತ್ತಲ್ಲ, ಹಂಗೇ. ಸೊಸಿ ಮುಂದ ಹೇಳಿದ್ರ ಆಕಿ ಒಳಗ ಹೋಗಿ ಒಂದು ವಹಿ ತಂದಳು. ಯಾವ ಗೇರು, ಏರೋ ಇಳಕಲೋ, ಇಂಜಿನ್ ಬಿಸಿಯೋ ತಣ್ಣಗೋ, ಎಲ್ಲಾ ತಾರೀಕು ಹಾಕಿ ಬರದಿಟ್ಟಿದ್ದಳು. ಕೀಲಿ ಕಸಿಯೋ ಮುಂಚಿಂದೇ. ನಾನು ಕೇಳಿರಲಿಲ್ಲ, ಅದಕ್ಕ ಆಕಿ ತೋರಿಸಿರಲಿಲ್ಲ.

ಆ ವಹಿ ತಗೊಂಡು ಯಾದಗಿರಿಯ ಒಬ್ಬ ಹಳೇ ಉಸ್ತಾದರ ಹತ್ರ ಹೋದ್ವಿ. ಅಂಬಾಸಿಡರ್, ಫಿಯಟ್, ಜೀಪು ಅಂತ ಜೀವಮಾನ ಕಳದವರು. ಅವರು ಮೊದಲು ವಹಿ ಓದಿದ್ರು, ಆಮ್ಯಾಲ ಕೈ ಹಚ್ಚಿದ್ರು. ಅವರು ಮಾಡಿದ್ದನ್ನ ಸ್ವಲ್ಪ ಬಿಡಿಸಿ ಬರೀತೀನಿ, ನಿಮಗ ಬೇಕಾಗ್ತದ.

ಮೊದಲು ಬಾನೆಟ್ ತೆರದು ಸೊಸಿಗಿ ಒಳಗ ಕೂಡಿಸಿದ್ರು. ಗಾಡಿ ಮುಂದ ಹಿಂದ ಯಾರೂ ನಿಂದರಬಾರದು ಅಂತ ತಾಕೀತು ಮಾಡಿದ್ರು. ಬ್ರೇಕ್ ಗಟ್ಟಿ ಒತ್ತಿ, ಒಂದನೇ ಗೇರಿನಾಗ ಕ್ಲಚ್ ಸಾವಕಾಶ ಅರ್ಧ ಬಿಡು ಅಂದ್ರು, ಆಮ್ಯಾಲ ರಿವರ್ಸಿನಾಗ ಹಂಗೇ. ತಾವು ಬಾಜೂಕ ನಿಂತು ಇಂಜಿನ್ ಎಷ್ಟು ಒಲೀತದ ನೋಡಿದ್ರು. ತಟಗು ಒಲಿಯೋದು ಸಹಜ. ಎದ್ದು ಕೂತಂಗ ಆದ್ರ ಅದನ್ನ ಹೊತ್ತಿರೋ ರಬ್ಬರ್ ಮೌಂಟಿಂಗ್ ಹರದದ ಅಂತ ಅರ್ಥ. ನಮ್ಮದರಾಗ ಇಂಜಿನ್ ಮೌಂಟಿಂಗ್ ನೆಟ್ಟಗಿದ್ವು, ಹಿಂದಿನ ಗೇರ್‌ಬಾಕ್ಸ್ ಮೌಂಟಿಂಗ್ ಕೆಳಗಿಂದ ನೋಡಿದ್ರ ಎರಡು ತುಂಡು. ಹೊರಡುವಾಗ ಗಾಡಿ ಗಡಗಡ ನಡುಗ್ತಿತ್ತಲ್ಲ, ಅದಕ್ಕ ಒಂದು ಕಾರಣ ಇಲ್ಲೇ ಸಿಕ್ತು. ಅದನ್ನೂ ಆಕಿ ಕ್ಲಚ್ ಬಿಡೋ ರೀತಿಗೇ ಹಚ್ಚಿದ್ವಿ ನಾವು.

ಆಮ್ಯಾಲ ಸಪಾಟು ನೆಲದ ಮ್ಯಾಲ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ನಾಲ್ಕೂ ಗಾಲಿಗಿ ಹಿಂದ ಮುಂದ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ ಕೆಳಗ ಮಕ್ಕೊಂಡ್ರು. ಬರೇ ಜ್ಯಾಕ್ ಮ್ಯಾಲ ನಿಂತ ಗಾಡಿ ಕೆಳಗ ಯಾರೂ ಹೋಗಬಾರದು, ಎಂಥಾ ಉಸ್ತಾದ್ ಇದ್ರೂ. ಉದ್ದನ ಶಾಫ್ಟ್ ಕೈಯಾಗ ಹಿಡದು ಅತ್ತ ಇತ್ತ ತಿರುವಿದ್ರು. 'ಕಟಕ್ ಕಟಕ್'. ಹಿಂದಿನ ಮಿಸ್ತ್ರಿ ಇದನ್ನ ನೋಡಿದ್ರೂ "ಕ್ರೌನ್ ಹೋಗ್ಯಾದ" ಅಂತಾನೇ ಅಂತಿದ್ದನೋ ಏನೋ. ಆದ್ರ ಉಸ್ತಾದರು ಹೇಳಿದ ಒಂದು ಲೆಕ್ಕ ನನಗ ಭಾಳ ಹಿಡಿಸ್ತು. ಇಂಥಾ ಗಾಡ್ಯಾಗ ಗಾಲಿ ಒಂದು ಸುತ್ತು ತಿರುಗಬೇಕಾದ್ರ ಶಾಫ್ಟ್ ಸುಮಾರು ನಾಲ್ಕು ಸುತ್ತು ತಿರುಗ್ತದ. ಹಂಗಾಗಿ ಗಾಲಿ ಹತ್ರ ಇರೋ ಸಡಲು ಶಾಫ್ಟ್ ಹತ್ರ ನೋಡಿದ್ರ ನಾಲ್ಕು ಪಟ್ಟು ದೊಡ್ಡದು ಕಾಣ್ತದ. ಕ್ರೌನ್ ಪಿನಿಯನ್ ಹಲ್ಲಿನ ನಡುವ ಒಂಚೂರು ಜಾಗ ಇರಲೇಬೇಕು, ಇಲ್ಲಂದ್ರ ಬಿಸಿಯಾಗಿ ಹಿಡ್ಕೊಂತದ. ಆ ಒಂಚೂರನ್ನೇ ಶಾಫ್ಟಿನಾಗ ತೋರಿಸಿ ಹೆದರಿಸೋರು ಭಾಳ ಮಂದಿ ಇದ್ದಾರ. ಕ್ರೌನ್ ಖರೇನೇ ಸವದಿದ್ರ ಬರೇ ಟಕ್ ಅನ್ನಂಗಿಲ್ಲ. ಓಡುವಾಗ ಹಿಂದಿಂದ ಊಂ ಅಂತ ಊಳಿಡ್ತದ, ಕಾಲು ಒತ್ತಿದಾಗೊಂದು ದನಿ, ಬಿಟ್ಟಾಗೊಂದು ದನಿ. ವಹಿಯಾಗ ಅಂಥಾದ್ದೇನೂ ಇರಲಿಲ್ಲ.

ಮತ್ತ ಸಡಲು ಎಲ್ಲಿ? ಉಸ್ತಾದರು ಹಿಂದಿನ ಕ್ರಾಸಿನ ಎರಡೂ ಕಡೆ ಕೂಡೋಹಂಗ ಬೆರಳು ಇಟ್ಟು ಶಾಫ್ಟ್ ತಿರುವಿದ್ರು. ಕ್ರಾಸ್ ನೆಟ್ಟಗಿದ್ರ ಆಚೀ ಈಚೀ ಎರಡೂ ಒಮ್ಮೆಲೇ ಅಲಗಾಡ್ತಾವ. ನಮ್ಮದರಾಗ ಒಂದು ಮೊದಲು ಅಲಗಾಡಿ, ಇನ್ನೊಂದು ತಡದು ಅಲಗಾಡ್ತಿತ್ತು. ಕ್ರಾಸಿನ ಟೊಪಗಿ ಸುತ್ತ ಕುಂಕುಮದ ಬಣ್ಣದ ಒಣ ಪುಡಿ. ಗ್ರೀಸ್ ತೊಳದು ಹೋಗಿ ಒಳಗಿನ ಸೂಜಿ ಬೇರಿಂಗ್ ತುಕ್ಕು ಹಿಡದು ಪುಡಿಯಾಗಿದ್ದು ಅದು. ಗದ್ದಿ ನೀರು, ಎರಿಮಣ್ಣಿನ ರಾಡಿ ದಾಟಿ ದಾಟಿ ಗ್ರೀಸ್ ಹೊಡಸದೇ ಬಿಟ್ರ ಹಂಗೇ ಆಗ್ತದ. ಗ್ರೀಸ್ ಹೊಡಸೋದು ಯಾರ ಕೆಲಸ ಆಗಿತ್ತು ಅಂತ ನಾನು ಇಲ್ಲಿ ಬರಿಯಂಗಿಲ್ಲ. ಆಮ್ಯಾಲ ಮ್ಯಾಲ ಕೂತ ಸೊಸಿಗಿ ಗೇರ್ ಹಾಕು ಅಂದು ಮತ್ತೊಮ್ಮೆ ಮುಂದಿನ ತುದಿ ತಿರುವಿ ನೋಡಿದ್ರು. ಗೇರ್‌ಬಾಕ್ಸಿನ ಕಡಿಂದ ಬರೋ ಸಡಲು ವಯಸ್ಸಿಗಿ ತಕ್ಕಷ್ಟು, ಅದಕ್ಕಿಂತ ಹೆಚ್ಚಿಲ್ಲ. ಅಂದ್ರ ಗೇರ್‌ಬಾಕ್ಸಿಗೂ ಏನೂ ಆಗಿರಲಿಲ್ಲ. ಹೊಸ ಕ್ರಾಸು, ಹೊಸ ಮೌಂಟಿಂಗು ಹಾಕಿದ ಮ್ಯಾಲ ಟಕ್ ಅನ್ನೋದು ಹೋಯ್ತು. ಪೂರ್ತಿ ಅಲ್ಲ, ಕಿವಿಗೊಟ್ರ ಇನ್ನೂ ಸಣ್ಣಗ ಕೇಳ್ತದ. ಅಷ್ಟು ಇರಲಿ ಅಂದ್ರು ಉಸ್ತಾದರು.

ನಿಮ್ಮನಿಯಾಗ ಮಾರುತಿ 800, ಆಲ್ಟೊ ಇದ್ರ ಕೆಳಗ ಈ ಉದ್ದನ ಶಾಫ್ಟೇ ಇರಂಗಿಲ್ಲ, ಮುಂದಿನ ಗಾಲೀನೇ ಎಳೀತಾವ. ಅವಕ್ಕ ಸ್ಟೇರಿಂಗ್ ಪೂರ್ತಿ ತಿರುವಿ ಹೊರಟಾಗ 'ಕಟ್ ಕಟ್ ಕಟ್' ಅಂದ್ರ ಗಾಲಿ ಹತ್ರದ ಜಾಯಿಂಟ್ ನೋಡಿಸ್ರಿ. ಅದೂ ಕ್ಲಚ್ ಅಲ್ಲ.

ಇನ್ನ ಕ್ಲಚ್. ಇದರಾಗ ಆ ಮೊದಲಿನ ಮಿಸ್ತ್ರಿ ಅಂದಿದ್ದು ಖರೆ ಇತ್ತು, ನಾನು ಸುಳ್ಳು ಹೇಳಂಗಿಲ್ಲ. ಉಸ್ತಾದರು ಖುಲ್ಲಾ ರಸ್ತಾದಾಗ ನಾಲ್ಕನೇ ಗೇರಿನಾಗ ಸಾವಕಾಶ ಹೋಗ್ತಾ ಹೋಗ್ತಾ ಒಮ್ಮೆಲೇ ಕಾಲು ಪೂರ್ತಿ ಒತ್ತಿದ್ರು. ಇಂಜಿನ್ ದನಿ ಏರಿತು, ಗಾಡಿ ಏರ್ಲಿಲ್ಲ. ಮಿಕ್ಸಿ ಚಟ್ನಿ ಬಿಟ್ಟು ತಾನೇ ತಿರುಗಿದಂಗ. ಜಾರೋದು ಮೊದಲು ದೊಡ್ಡ ಗೇರಿನಾಗ, ಏರಿನಾಗ, ತುಂಬಿದ ಗಾಡ್ಯಾಗ ಗೊತ್ತಾಗ್ತದ. ಒಂದನೇ ಗೇರಿನಾಗ ನೆಟ್ಟಗೇ ಹೋಗ್ತದ, ಅದಕ್ಕ ಅಂಗಳದಾಗ ಸುತ್ತು ಹೊಡದು ಹೇಳೋದು ಪರೀಕ್ಷೆ ಅಲ್ಲ. ಹ್ಯಾಂಡ್ ಬ್ರೇಕ್ ಎಳದು ನಾಲ್ಕನೇ ಗೇರಿನಾಗ ಕ್ಲಚ್ ಬಿಟ್ರ ಇಂಜಿನ್ ಬಂದ್ ಬೀಳಬೇಕು, ಬೀಳದೇ ನಡದ್ರ ಕ್ಲಚ್ ಜಾರ್ತದ ಅಂತ ಹೇಳಿದ್ರು. ಆದ್ರ ಇದನ್ನ ಪದೇ ಪದೇ ಮಾಡಿದ್ರ ಇದ್ದಷ್ಟು ಪ್ಲೇಟೂ ಸುಡ್ತದ.

ಕ್ಲಚ್ ಒತ್ತಿದಾಗಷ್ಟೇ ಸರಸರ ಸಪ್ಪಳ ಬಂದ್ರ ಅದರ ಬೇರಿಂಗ್. ನ್ಯೂಟ್ರಲಿನಾಗ ಕಾಲು ತೆಗದಾಗ ಬಂದು, ಒತ್ತಿದಾಗ ನಿಂತ್ರ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್. ಒತ್ತಿದ್ರೂ ರಿವರ್ಸ್ ಗೇರು ಕರಕರ ಅಂದ್ರ ಕ್ಲಚ್ ಪೂರ್ತಿ ಬಿಡವಲ್ದು, ಆಗ ಪ್ಲೇಟ್ ಸವದದ ಅಂತ ಓಡಬ್ಯಾಡ್ರಿ, ಮೊದಲು ಕೇಬಲ್ ಇದ್ದ ಗಾಡಿಗಿ ಕೇಬಲ್, ಎಣ್ಣಿ ಇದ್ದ ಗಾಡಿಗಿ ಎಣ್ಣಿ ನೋಡಿಸ್ರಿ.

ಗೇರ್‌ಬಾಕ್ಸ್ ಇಳಿಸಿದ ಮ್ಯಾಲ ನಮ್ಮನ್ನ ಕರದು ತೋರಿಸಿದ್ರು. ಪ್ಲೇಟಿನ ರಿವೀಟ್ ಮಟ್ಟಕ್ಕ ಸವದಿತ್ತು, ಮ್ಯಾಲ ಕರೇ ಎಣ್ಣಿ. ಇಂಜಿನ್ನಿನ ಹಿಂದಿನ ಸೀಲ್ ಸೋರಿ ಕ್ಲಚ್ಚಿಗಿ ಎಣ್ಣಿ ಕುಡಿಸಿತ್ತು. ಎಣ್ಣಿ ಹತ್ತಿದ ಪ್ಲೇಟ್ ಹಿಡಿಯಂಗಿಲ್ಲ, ಯಾರು ಹೊಡದ್ರೂ ಅಷ್ಟೇ. ನಮ್ಮ ಮೈದುನ "ಬರೇ ಪ್ಲೇಟ್ ಹಾಕ್ರಿ ಸಾಕು" ಅಂದ. ಇಲ್ಲಿ ಮಾತ್ರ ನಾನು ಜಿಪುಣತನ ಮಾಡಂಗಿಲ್ಲ ಅಂದೆ. ಗೇರ್‌ಬಾಕ್ಸ್ ಇಳಿಸೋ ಕೂಲೀನೇ ದೊಡ್ಡದು, ಮತ್ತ ಮತ್ತ ಇಳಿಸಬೇಕೇನು? ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು, ಆ ಸೀಲು ಎಲ್ಲಾ ಒಮ್ಮೆಲೇ ಹಾಕಿಸಿ, ಫ್ಲೈವ್ಹೀಲ್ ಮುಖ ನೋಡಿಸಿದ್ವಿ. ಕಾಂಟೆಸ್ಸಾ ಸಾಮಾನು ಹುಡುಕೋದು ಒಂದು ದೊಡ್ಡ ಕಥಿ, ಮಗ ಫೋನ್ ಮಾಡಿ ಮಾಡಿ ಹೈದರಾಬಾದಿನಿಂದ ತರಿಸಿದ. ಎಲ್ಲಾ ಕೂಡಿ ಮೊದಲಿನ ಮಿಸ್ತ್ರಿ ಹೇಳಿದ್ದರ ಅರ್ಧಕ್ಕಿಂತ ಕಡಿಮಿ ಆಯ್ತು.

ಹಳೇ ಗಾಡಿ ಇಟ್ಕೋಬೇಕೋ ಬ್ಯಾಡೋ ಅನ್ನೋದು ಬ್ಯಾರೆ ವಾದ. ಮಾವನವರ ನೆನಪು ಅಂತ ನಾನೇನು ಇಡಂಗಿಲ್ಲ. ನೆನಪಿಗಿ ಫೋಟೋ ಸಾಕು. ಹದಿನೈದು ವರ್ಷ ದಾಟಿದ ಗಾಡಿ ಅಂತ ಐದೈದು ವರ್ಷಕ್ಕೊಮ್ಮಿ ನೋಂದಣಿ ಹೊಸದು ಮಾಡಿಸಬೇಕು, ಹಸಿರು ತೆರಿಗಿ ಕಟ್ಟಬೇಕು, ಪೆಟ್ರೋಲ್ ಅಂತೂ ಕುಡೀತದ. ಮಾರೋದಾದ್ರ ಮಾರೋಣು. ಆದ್ರ ಸುಳ್ಳು ರೋಗ ಹೇಳಿ ಮಾರೋದು, ಆ ಸುಳ್ಳು ರೋಗ ಒಬ್ಬಾಕಿ ತಲೀಗಿ ಕಟ್ಟೋದು, ಎರಡೂ ನನಗ ಒಪ್ಪಿಗಿ ಇಲ್ಲ.

ಸೊಸಿದು ತಪ್ಪೇ ಇರಲಿಲ್ಲ ಅಂತಲೂ ಅನ್ನಂಗಿಲ್ಲ. ಏರಿನಾಗ ಗಾಡಿ ನಿಂತಾಗ ಹ್ಯಾಂಡ್ ಬ್ರೇಕ್ ಎಳಿಯೋ ಬದಲು ಅರ್ಧ ಕ್ಲಚ್ಚಿನಾಗ ತೂಗಿ ಹಿಡೀತಿದ್ದಳು. ಅದು ಪ್ಲೇಟ್ ತಿನ್ನೋ ಚಟ. ಉಸ್ತಾದರು ಹೇಳಿದ ಮ್ಯಾಲ ಬಿಟ್ಟಾಳ. ಆದ್ರ ಅವತ್ತು ಉಸ್ತಾದರು ಒಬ್ಬೊಬ್ಬರನ್ನೂ ಹೊಡೀಲಾಕ ಕೂಡಿಸಿ, ಬಾಜೂಕ ಕೂತು ರಸ್ತಾ ನೋಡ್ಲಿಲ್ಲ, ಬರೇ ಕಾಲು ನೋಡಿದ್ರು. ಸೊಸಿ ಗೇರ್ ಹಾಕಿದ ಮ್ಯಾಲ ಎಡಗಾಲು ತೆಗದು ನೆಲಕ್ಕ ಇಡ್ತಾಳ. ನಮ್ಮನಿಯವರು ಶಹಾಪುರ ರಸ್ತಾದಾಗ ಹೊಂಟ್ರ ಎಡಗಾಲು ಕ್ಲಚ್ ಮ್ಯಾಲೇ, ಮೂವತ್ತು ವರ್ಷದಿಂದ, ಚಪ್ಪಲಿ ಸೈತ. ಸುಮ್ಮನ ಇಟ್ಟ ಕಾಲಿನ ಭಾರಕ್ಕೇ ಬೇರಿಂಗ್ ತಿರುಗ್ತಿರ್ತದ, ಪ್ಲೇಟ್ ಪೂರ್ತಿ ಹಿಡ್ಕೊಳ್ಳಂಗಿಲ್ಲ. ಉಸ್ತಾದರು ನಕ್ಕೋತ "ಸಾಹೇಬ್ರ, ನಿಮ್ಮ ಕಾಲಿಗಿ ಒಂದು ಕುರ್ಚಿ ಕೊಡ್ಲೇನ್ರಿ?" ಅಂದ್ರು. ಮನಿಯವರು ಕಿಟಕಿ ಹೊರಗ ನೋಡಿದ್ರು.

ಮನಿಗಿ ಬಂದ ಮ್ಯಾಲ ಕೀಲಿ ಮತ್ತ ಮೊಳಿಗಿ ಬಿತ್ತು. ಯಾರು ಹಾಕಿದ್ರೋ ನಾನು ನೋಡ್ಲಿಲ್ಲ. ನಾನು ಸೊಸಿ ಹತ್ರ ಹೋಗಿ "ತಪ್ಪಾತವ್ವ" ಅಂತ ಒಂದು ಮಾತು ಅಂದೆ. ಆಕಿ "ಇರಲಿ ಬಿಡ್ರಿ ಅತ್ತಿ" ಅಂದು ರೊಟ್ಟಿ ತಟ್ಟೋದು ಮುಂದುವರಿಸಿದಳು, ಆವತ್ತು ಜರಾ ಜೋರೇ ಬಡದಳು. ಬಡೀಲಿ.

ಈಗ ಹಗಲು ಮನಿಯವರು ಹೊಡೀಲಾಕ ಕೂತ್ರ ನಾನು ಹಿಂದ ಕೂತು ಲಕ್ಷ್ಯ ಇಟ್ಟಿರ್ತೀನಿ. ಮೂರನೇ ಗೇರು ಬಿದ್ದ ಕೂಡ್ಲೇ "ಕಾಲು" ಅಂತೀನಿ. ತೆಗೀತಾರ.